ಗೆಡ್ಡೆಯ ಸುತ್ತಲಿನ ಫೈಬ್ರೊಬ್ಲಾಸ್ಟ್: ಟಿಜಿಎಫ್-ಬೀಟಾ ಬಿಡುಗಡೆಯ ಟಿಪ್ಪಣಿ

ಗೆಡ್ಡೆ ಬರೀ ಕ್ಯಾನ್ಸರ್ ಕೋಶಗಳ ಮುದ್ದೆಯಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಂತೂ ಹೆಚ್ಚಿನ ಪಾಲು ಸ್ಟ್ರೋಮಾ, ಅಂದರೆ ಕ್ಯಾನ್ಸರ್ ಕೋಶಗಳ ಸುತ್ತಲಿನ ಅಂಗಾಂಶ: ಕೊಲ್ಲಾಜನ್, ರಕ್ತನಾಳ, ರೋಗನಿರೋಧಕ ಕೋಶ, ಕೊಲ್ಲಾಜನ್ ನಾರು ತಯಾರಿಸುವ ಕೋಶವಾದ ಫೈಬ್ರೊಬ್ಲಾಸ್ಟ್. ಗಾಯ ಮಾಯುವಾಗ ಚುರುಕಾಗುವ ಫೈಬ್ರೊಬ್ಲಾಸ್ಟ್ ಕೆಲಸ ಮುಗಿದ ಮೇಲೆ ತಣ್ಣಗಾಗುತ್ತದೆ. ಗೆಡ್ಡೆಯಲ್ಲಿ ತಣ್ಣಗಾಗುವುದೇ ಇಲ್ಲ. ಹೀಗೆ ಚುರುಕಾಗಿಯೇ ಉಳಿದದ್ದು ಸಿಎಎಫ್ (ಕ್ಯಾನ್ಸರ್ ಜೊತೆಗಿನ ಫೈಬ್ರೊಬ್ಲಾಸ್ಟ್).

ಅದು ಸ್ರವಿಸುವ ಸಂಕೇತ ಪ್ರೋಟೀನ್‌ಗಳ ಕೆಲಸಗಳು ಚುಟುಕಾಗಿ: ವಿಇಜಿಎಫ್ ಹೊಸ ರಕ್ತನಾಳ ಬೆಳೆಸುತ್ತದೆ. ಸಿಎಕ್ಸ್‌ಸಿಎಲ್12 ರೋಗನಿರೋಧಕ ಟಿ ಕೋಶಗಳು ಗೆಡ್ಡೆಯೊಳಗೆ ನುಗ್ಗದಂತೆ ನೋಡಿಕೊಳ್ಳುತ್ತದೆ. ಎಚ್‌ಜಿಎಫ್ ಕ್ಯಾನ್ಸರ್ ಕೋಶದ ಮೇಲಿನ ಮೆಟ್ ಗ್ರಾಹಕವನ್ನು ಎಬ್ಬಿಸುತ್ತದೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಬಿಆರ್‌ಎಎಫ್ ಪ್ರೋಟೀನ್ ತಡೆಯುವ ಔಷಧಿಗೆ ಕ್ಯಾನ್ಸರ್ ಕೋಶ ಜಗ್ಗದಿರಲು ಇದೂ ಒಂದು ಕಾರಣ.

ಈಗ ಎಲ್ಲರೂ ಎಡವುವ ಜಾಗ. ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನ್ ಎಪಿಥೀಲಿಯಲ್ (ಅಂಗಗಳ ಮೇಲ್ಪದರದ) ಕೋಶದ ವಿಭಜನೆ ತಡೆಯುತ್ತದೆ, ಅದೇ ಗೆಡ್ಡೆಯನ್ನೂ ಬೆಳೆಸುತ್ತದೆ. ಎರಡೂ ನಿಜ. ಯಾವ ಕೋಶದ ಮೇಲೆ ಎಂದು ಮೊದಲು ಕೇಳಬೇಕು. ಈ ಸಂಕೇತವನ್ನು ಕೋಶದೊಳಗೆ ಸಾಗಿಸುವ ಸ್ಮ್ಯಾಡ್4 ಪ್ರೋಟೀನನ್ನು ಕಳೆದುಕೊಂಡ ಕ್ಯಾನ್ಸರ್ ಕೋಶಕ್ಕೆ ಆ ತಡೆ ತಟ್ಟುವುದಿಲ್ಲ. ಪಕ್ಕದ ಫೈಬ್ರೊಬ್ಲಾಸ್ಟ್‌ನಲ್ಲಿ ಸ್ಮ್ಯಾಡ್4 ನೆಟ್ಟಗಿದೆ, ಹಾಗಾಗಿ ಅದೇ ಸಂಕೇತಕ್ಕೆ ಅದು ಕೊಲ್ಲಾಜನ್ ಸುರಿಸುತ್ತದೆ.

ಇನ್ನೊಂದು ಹೆಜ್ಜೆಯನ್ನು ಹಾರಿಸಬೇಡಿ: ಸ್ರವಿಸಿದ ಟಿಜಿಎಫ್-ಬೀಟಾ ಕೂಡಲೇ ಕೆಲಸ ಮಾಡುವುದಿಲ್ಲ. ಎಲ್‌ಎಪಿ ಎಂಬ ಪೆಪ್ಟೈಡ್ ಅದನ್ನು ಸುತ್ತಿಕೊಂಡಿರುತ್ತದೆ. ಎಲ್‌ಟಿಬಿಪಿ ಎಂಬ ಪ್ರೋಟೀನ್ ಆ ಇಡೀ ಪೊಟ್ಟಣವನ್ನು ಕೋಶಗಳ ಹೊರಗಿನ ನಾರುಜಾಲವಾದ ಮ್ಯಾಟ್ರಿಕ್ಸ್‌ಗೆ ಕಟ್ಟಿಹಾಕಿರುತ್ತದೆ. ಫೈಬ್ರೊಬ್ಲಾಸ್ಟ್ ತನ್ನ ಮೇಲ್ಮೈಯ ಹಿಡಿತದ ಪ್ರೋಟೀನಾದ ಇಂಟೆಗ್ರಿನ್‌ನಿಂದ ಎಲ್‌ಎಪಿಯನ್ನು ಹಿಡಿದು ಎಳೆಯುತ್ತದೆ. ಮ್ಯಾಟ್ರಿಕ್ಸ್ ಮೆತ್ತಗಿದ್ದರೆ ಅದೂ ಜೊತೆಗೇ ಜಗ್ಗಿ ಬರುತ್ತದೆ, ಎಲ್‌ಎಪಿ ಬಿಚ್ಚುವುದಿಲ್ಲ. ಗಡುಸಾಗಿದ್ದರೆ ಆ ತುದಿ ಅಲುಗದು. ಎಳೆತವೆಲ್ಲ ಎಲ್‌ಎಪಿಯ ಮೇಲೆ ಬಿದ್ದು ಟಿಜಿಎಫ್-ಬೀಟಾ ಹೊರಬೀಳುತ್ತದೆ. ಹಗ್ಗದ ಆಚೆ ತುದಿಯನ್ನು ಯಾರಾದರೂ ಬಿಗಿಯಾಗಿ ಹಿಡಿದರೆ ತಾನೇ ಎಳೆತ ಹುಟ್ಟುವುದು, ಹಾಗೆ. ಹೊರಬಿದ್ದ ಟಿಜಿಎಫ್-ಬೀಟಾದಿಂದ ಕೊಲ್ಲಾಜನ್ ಹೆಚ್ಚುತ್ತದೆ, ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ಅದರ ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ, ಮ್ಯಾಟ್ರಿಕ್ಸ್ ಇನ್ನಷ್ಟು ಗಡುಸಾಗಿ ಮುಂದಿನ ಬಿಡುಗಡೆ ಇನ್ನೂ ಸುಲಭವಾಗುತ್ತದೆ. ಪರೀಕ್ಷೆಯಲ್ಲಿ ಚಿತ್ರ ಬರೆಯುವುದಿದ್ದರೆ ಈ ಸುತ್ತನ್ನೇ ಬರೆಯಿರಿ.

ಪ್ರಯೋಗ ಕೆಡುವುದೂ ಇಲ್ಲಿಯೇ. ಇಲಿಯ ಆರೋಗ್ಯವಂತ ಸ್ತನಗ್ರಂಥಿಯ ಗಡಸುತನ ನೂರರ ಲೆಕ್ಕದ ಪಾಸ್ಕಲ್, ಗೆಡ್ಡೆಯದು ಸಾವಿರದ ಲೆಕ್ಕ; ಕೋಶ ಬೆಳೆಸುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ ತಟ್ಟೆಯದು ಗಿಗಾಪಾಸ್ಕಲ್. ತಟ್ಟೆಯ ಮೇಲೆ ಬೆಳೆಸಿದರೆ ಸಾಮಾನ್ಯ ಫೈಬ್ರೊಬ್ಲಾಸ್ಟ್ ಕೂಡ ಚುರುಕಾಗಿ, ಸಿಎಎಫ್‌ಗೂ ಅದಕ್ಕೂ ಇರುವ ವ್ಯತ್ಯಾಸ ಅಳಿಸಿಹೋಗುತ್ತದೆ. ಕೋಶಗಳಿಗೆ ಪೋಷಣೆಯಾಗಿ ಹಾಕುವ ಸೀರಮ್‌ನಲ್ಲೂ ಟಿಜಿಎಫ್-ಬೀಟಾ ಇರುತ್ತದೆ. ಕೊಲ್ಲಾಜನ್ ಲೇಪಿಸಿದ ಮೃದು ಪಾಲಿಅಕ್ರಿಲಮೈಡ್ ಜೆಲ್ ಬಳಸಿ, ಸೀರಮ್ ಕಡಿಮೆ ಮಾಡಿ, ಮೊದಲ ಕೆಲವು ಪ್ಯಾಸೇಜ್‌ಗಳ (ಹೊಸ ತಟ್ಟೆಗೆ ವರ್ಗಾಯಿಸಿದ ಸುತ್ತುಗಳ) ಕೋಶಗಳನ್ನಷ್ಟೇ ತೆಗೆದುಕೊಳ್ಳಿ.

ಹಾಗಾದರೆ ಸಿಎಎಫ್‌ಗಳನ್ನು ಅಳಿಸಿಬಿಟ್ಟರಾಯಿತೇ? 2014ರಲ್ಲಿ ಮೇದೋಜೀರಕ ಕ್ಯಾನ್ಸರಿನ ಇಲಿಗಳಲ್ಲಿ ಸಿಎಎಫ್‌ನ ಗುರುತಾಗಿ ಬಳಸುವ ಆಲ್ಫಾ-ಎಸ್‌ಎಂಎ ಪ್ರೋಟೀನ್ ಇರುವ ಕೋಶಗಳನ್ನು ತೆಗೆದಾಗ ರೋಗ ಇನ್ನೂ ಉಗ್ರವಾಯಿತು. ಸಿಎಎಫ್‌ಗಳಲ್ಲಿ ಬಗೆಗಳಿವೆ: ಕ್ಯಾನ್ಸರ್ ಕೋಶಕ್ಕೆ ಅಂಟಿಕೊಂಡಂತಿರುವ, ಟಿಜಿಎಫ್-ಬೀಟಾದಿಂದ ರೂಪುಗೊಳ್ಳುವ ಮೈಸಿಎಎಫ್, ತುಸು ದೂರದಲ್ಲಿ ಐಎಲ್-1 ಎಂಬ ಉರಿಯೂತದ ಸಂಕೇತದಿಂದ ರೂಪುಗೊಂಡು ಅಂಥದ್ದೇ ಇನ್ನೊಂದಾದ ಐಎಲ್-6 ಸುರಿಸುವ ಐಸಿಎಎಫ್. ಎರಡನೆಯದರಲ್ಲಿ ಆಲ್ಫಾ-ಎಸ್‌ಎಂಎ ಕಡಿಮೆ. ಜೊತೆಗೆ ರಕ್ತನಾಳವನ್ನು ಸುತ್ತಿರುವ ಪೆರಿಸೈಟ್ ಕೋಶ ಕೂಡ ಆಲ್ಫಾ-ಎಸ್‌ಎಂಎಗೆ ಬಣ್ಣ ಹಿಡಿಯುತ್ತದೆ, ಅದೊಂದನ್ನೇ ನೆಚ್ಚಬೇಡಿ. ಕೆರಟಿನ್ (ಎಪಿಥೀಲಿಯಲ್ ಕೋಶದ ಗುರುತು), ಸಿಡಿ45 (ರೋಗನಿರೋಧಕ ಕೋಶದ ಗುರುತು), ಸಿಡಿ31 (ರಕ್ತನಾಳದ ಒಳಪದರದ ಗುರುತು) ಮೂರೂ ಇಲ್ಲದ ಕೋಶಗಳನ್ನು ಮೊದಲು ಬೇರ್ಪಡಿಸಿ, ಆಮೇಲೆ ಫೈಬ್ರೊಬ್ಲಾಸ್ಟ್ ಗುರುತುಗಳಾದ ಪಿಡಿಜಿಎಫ್‌ಆರ್-ಆಲ್ಫಾ, ಎಫ್‌ಎಪಿ ನೋಡಿ. ಇಎಂಟಿ (ಎಪಿಥೀಲಿಯಲ್ ಗುಣ ಬಿಟ್ಟು ಫೈಬ್ರೊಬ್ಲಾಸ್ಟ್‌ನಂತಾಗುವ ಬದಲಾವಣೆ) ಆದ ಕ್ಯಾನ್ಸರ್ ಕೋಶವೂ ಕೆರಟಿನ್ ಕಳೆದುಕೊಂಡು ಈ ಗುಂಪಿಗೆ ನುಸುಳಬಹುದು. ಗೆಡ್ಡೆಯಲ್ಲಿ ಕೆಆರ್‌ಎಎಸ್ ಜೀನಿನ ಮ್ಯುಟೇಶನ್ ಇದ್ದರೆ ಬೇರ್ಪಡಿಸಿದ ಕೋಶಗಳಲ್ಲೂ ಅದನ್ನು ಹುಡುಕಿ, ನುಸುಳಿದ್ದು ಸಿಕ್ಕಿಬೀಳುತ್ತದೆ.