ಮೂತಿಗೆ ಸಿಕ್ಕ ಮಣ್ಣು

ಕೊಡಗಿನಲ್ಲಿ ಸಣ್ಣ ಕಾಫಿ ತೋಟವಿರುವ ನನ್ನ ಗೆಳೆಯನೊಬ್ಬ ಕೆಲವು ವರ್ಷಗಳ ಹಿಂದೆ ಮೂರು ಹೆಣ್ಣುಹಂದಿ, ಒಂದು ಗಂಡುಹಂದಿ ತಂದು ಬಯಲಿಗೆ ಬಿಟ್ಟ. ಬಯಲೆಂದರೆ ಪಾಳುಬಿದ್ದ ಗದ್ದೆಯ ಮೇಲಿನ ಅರ್ಧ ಎಕರೆ ಹಕ್ಕಲು. ಸುತ್ತ ಮುಟ್ಟಿದರೆ ಶಾಕ್ ಹೊಡೆಯುವ ಐಬೆಕ್ಸ್ ತಂತಿಬೇಲಿ, ನಡುವೆ ತಗಡಿನ ಮೂರು ಗೂಡು. ಸಿಮೆಂಟಿನ ಕೊಟ್ಟಿಗೆ ಕಟ್ಟುವಷ್ಟು ದುಡ್ಡಿರಲಿಲ್ಲ ಎನ್ನುವುದು ಒಂದು ಕಾರಣ, ಹಂದಿಯನ್ನು ಹಂದಿಯ ಹಾಗೆ ಸಾಕಬೇಕೆಂಬ ಹುಚ್ಚು ಇನ್ನೊಂದು. ವಾರ ಬಿಟ್ಟು ನಾನು ನೋಡಲು ಹೋದಾಗ ಅಲ್ಲಿ ಹುಲ್ಲಿನ ಸುಳಿವೇ ಇರಲಿಲ್ಲ. ನೆಲವೆಲ್ಲ ಉತ್ತು ಹಾಕಿದಂತಿತ್ತು. "ಟಿಲ್ಲರ್ ಬಾಡಿಗೆ ಉಳಿಯಿತು ನೋಡು" ಎಂದು ನಕ್ಕ. ಜುಲೈನಲ್ಲಿ ಅದೇ ಜಾಗದಲ್ಲಿ, ಮೊಣಕಾಲವರೆಗಿನ ಕೆಸರಿನಲ್ಲಿ ತೌಡಿನ ಬಕೆಟ್ ಹೊತ್ತು ನಿಂತಿದ್ದಾಗ ಆ ನಗು ಇರಲಿಲ್ಲ.

ಬಯಲು ಹಂದಿ ಸಾಕಣೆಯ ಸುಖ ಮತ್ತು ಸಂಕಟ ಎರಡೂ ಹುಟ್ಟುವುದು ಒಂದೇ ಕಡೆ: ಮೂತಿ ಮಣ್ಣಿಗೆ ತಾಗುವಲ್ಲಿ. ಹಂದಿಯ ಮೂತಿಯ ತುದಿಯಲ್ಲಿರುವ ಚಪ್ಪಟೆ ಬಿಲ್ಲೆ ಮೃದ್ವಸ್ಥಿಯದ್ದು, ಅದಕ್ಕೆ ಆಸರೆಯಾಗಿ ಒಳಗೊಂದು ಪುಟ್ಟ ಎಲುಬಿದೆ. ಗುದ್ದಲಿಯ ಹಾಗೆ ನೆಲ ಬಗೆಯುವ ಈ ಅಂಗವೇ ಬೆರಳ ತುದಿಯಷ್ಟು ಸೂಕ್ಷ್ಮವೂ ಹೌದು. 2012ರಲ್ಲಿ ಹಂದಿಯ ಜೀನೋಮ್ ಪ್ರಕಟವಾದಾಗ ವಾಸನೆಗೆ ಸಂಬಂಧಿಸಿದ ಜೀನ್‌ಗಳೇ ಸಾವಿರದ ಮುನ್ನೂರಕ್ಕೂ ಹೆಚ್ಚು ಕಂಡವು. ಮನುಷ್ಯನಲ್ಲಿ ಕೆಲಸ ಮಾಡುವಂಥವು ಸುಮಾರು ನಾನೂರು. ನಮಗೆ ಬರೀ ಮಣ್ಣಾಗಿ ಕಾಣುವುದು ಅದಕ್ಕೆ ಎರೆಹುಳು, ಗೆಡ್ಡೆ, ಬೇರು, ನಿನ್ನೆ ಬಿದ್ದ ಹಲಸಿನ ಬೀಜಗಳೆಲ್ಲ ತುಂಬಿದ ಉಗ್ರಾಣ.

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಸ್ಟೋಲ್ಬಾ ಮತ್ತು ವುಡ್-ಗಶ್ ಎಂಬ ಇಬ್ಬರು ವಿಜ್ಞಾನಿಗಳು ಸಾಕಿದ ಹಂದಿಗಳನ್ನು ಪೊದೆ, ಮರ, ತೊರೆ ಇರುವ ಆವರಣಕ್ಕೆ ಬಿಟ್ಟು ವರ್ಷಗಟ್ಟಲೆ ಗಮನಿಸಿದರು. ಅವರ ವರದಿ ಬಂದದ್ದು 1989ರಲ್ಲಿ. ತಲೆಮಾರುಗಳಿಂದ ಕೊಟ್ಟಿಗೆಯಲ್ಲೇ ಬೆಳೆದ ಹಂದಿಗಳು ಕಾಡುಹಂದಿಯ ದಿನಚರಿಗೆ ಮರಳಿದ್ದವು. ಹಗಲಿನ ಅರ್ಧಕ್ಕೂ ಹೆಚ್ಚು ಹೊತ್ತು ಮೇಯುವುದು, ನೆಲ ಬಗೆಯುವುದು. ಮಲಗುವ ಜಾಗದಿಂದ ದೂರ ಹೋಗಿಯೇ ಮಲವಿಸರ್ಜನೆ. "ಹಂದಿ ಗಲೀಜು" ಎಂದು ನಾವು ಬೈಯುವುದು ಕಿರಿದಾದ ಗೂಡನ್ನು ನೋಡಿ. ಅಲ್ಲಿ ದೂರ ಹೋಗಲು ಜಾಗ ಎಲ್ಲಿದೆ? ಇನ್ನು ಕೆಸರಿನ ಮಾತು. ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಹಂದಿಗೆ ಇಲ್ಲವೆಂದೇ ಹೇಳಬೇಕು. ಮೈಗೆ ಮೆತ್ತಿದ ಕೆಸರು ಬರೀ ನೀರಿಗಿಂತ ನಿಧಾನವಾಗಿ ಆರುತ್ತದೆ, ಆರುವಷ್ಟು ಹೊತ್ತೂ ತಂಪು ಕೊಡುತ್ತದೆ, ಬಿಳಿ ಹಂದಿಯ ಚರ್ಮವನ್ನು ಬಿಸಿಲಿನಿಂದ ಕಾಯುತ್ತದೆ. ಬಾದಾಮಿಯ ಚಾಲುಕ್ಯರು ವರಾಹವನ್ನು ಲಾಂಛನ ಮಾಡಿಕೊಂಡರು, ವಿಜಯನಗರದ ಚಿನ್ನದ ನಾಣ್ಯಕ್ಕೆ ವರಾಹ ಎಂದೇ ಹೆಸರಾಯಿತು. ಅದೇ ನಾಡಿನಲ್ಲಿ ಇಂದು ಹಂದಿ ಎನ್ನುವುದು ಬೈಗುಳ. ಹಂದಿಮಾಂಸದ ಪಂದಿ ಕರಿ, ಅಕ್ಕಿಯ ಕಡಂಬುಟ್ಟಿನ ಕೊಡಗಿನಲ್ಲಿ ಅಷ್ಟು ಮುಜುಗರವಿಲ್ಲ, ಅಷ್ಟರಮಟ್ಟಿಗೆ ನನ್ನ ಗೆಳೆಯ ಅದೃಷ್ಟವಂತ.

ಹಂದಿಯ ಬಸಿರಿನ ಲೆಕ್ಕ ನೆನಪಿಡಲು ಸುಲಭ: ಮೂರು ತಿಂಗಳು, ಮೂರು ವಾರ, ಮೂರು ದಿನ. ಒಟ್ಟು ಸುಮಾರು 114 ದಿನ. ಮೊದಲ ಹಂದಿ ಮರಿ ಹಾಕುವ ಹಿಂದಿನ ಸಂಜೆ ನಾನು ಅಲ್ಲಿದ್ದೆ. ಮಧ್ಯಾಹ್ನದಿಂದ ಅದಕ್ಕೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಗೂಡಿನ ಮೂಲೆಯಲ್ಲಿ ಮೂತಿಯಿಂದ ತಗ್ಗು ತೋಡಿತು. ಹೊರಗೆ ಹೋಗಿ ಬಾಯಿತುಂಬ ಒಣಹುಲ್ಲು ಕಚ್ಚಿಕೊಂಡು ಬಂತು. ಮತ್ತೆ ಹೋಯಿತು, ಈ ಸಲ ಬಾಳೆಯ ಒಣಗಿದ ಎಲೆ, ಆಮೇಲೆ ಒಂದು ಕಾಫಿ ರೆಂಬೆ. ತಂದದ್ದನ್ನು ಮುಂಗಾಲಿನಿಂದ ಕೆರೆದು ಸುತ್ತ ಒಟ್ಟಿತು. "ಗೂಡು ಕಟ್ಟಲು ಹೊರಟಿತೆಂದರೆ ಬೆಳಗಾಗುವುದರೊಳಗೆ ಮರಿ" ಎಂದು ಗೆಳೆಯನ ತಾಯಿ ಹಂಡೆಗೆ ಬೆಂಕಿ ಹಾಕಲು ಎದ್ದರು. ಹೆರಿಗೆಗೆ ಸುಮಾರು ಒಂದು ದಿನ ಮುಂಚೆ ರಕ್ತದಲ್ಲಿ ಏರಿಳಿಯುವ ಹಾರ್ಮೋನ್‌ಗಳು ಈ ಕೆಲಸಕ್ಕೆ ಹಚ್ಚುತ್ತವೆ. ಹುಲ್ಲುಕಡ್ಡಿಯೂ ಸಿಗದ ಕಬ್ಬಿಣದ ಪಂಜರದಲ್ಲಿ ಹಾಕಿದರೂ ಹಂದಿ ಬರಿಯ ಸಿಮೆಂಟನ್ನೇ ಕೆರೆಯುತ್ತದೆ. ಅದನ್ನು ಒಮ್ಮೆ ನೋಡಿದವರಿಗೆ ಬಯಲಿನ ಪರವಾಗಿ ಬೇರೆ ವಾದ ಬೇಕಾಗುವುದಿಲ್ಲ.

ಆದರೆ ಆ ಪಂಜರ ಸುಮ್ಮನೆ ಬಂದದ್ದಲ್ಲ. ತಾಯಿಯ ತೂಕ ಒಂದೂವರೆ ಕ್ವಿಂಟಾಲಿಗೂ ಮಿಗಿಲು, ಮರಿಯದ್ದು ಒಂದೂಕಾಲು ಕಿಲೋ. ತಾಯಿ ಮಗ್ಗುಲು ಬದಲಿಸಿದಾಗ ಅಡಿಗೆ ಸಿಕ್ಕುವುದು ಮರಿಗಳ ಸಾವಿಗೆ ದೊಡ್ಡ ಕಾರಣ. ಮರಿಯಾದರೂ ತಾಯಿಯ ಮೈ ಬಿಟ್ಟು ಸರಿಯದು. ಹೆಚ್ಚಿನ ಎಳೆಯ ಪ್ರಾಣಿಗಳಲ್ಲಿ ಶಾಖ ಹುಟ್ಟಿಸಲೆಂದೇ ಇರುವ ಕಂದು ಕೊಬ್ಬು ಹಂದಿಮರಿಯಲ್ಲಿ ಇಲ್ಲ. ಅದಕ್ಕೆ ಬೇಕಾದ ಜೀನ್ ಹಂದಿಯ ವಂಶದಲ್ಲಿ ಕೋಟ್ಯಂತರ ವರ್ಷಗಳ ಹಿಂದೆಯೇ ಕೆಟ್ಟುಹೋಗಿದೆ. ಹುಟ್ಟಿದ ಮರಿಗೆ 34 ಡಿಗ್ರಿಯ ಸುಮಾರಿನ ಬೆಚ್ಚಗೆ ಬೇಕು. ಸೋಮವಾರಪೇಟೆ ಕಡೆಯ ಮಳೆಗಾಲದ ರಾತ್ರಿಯಲ್ಲಿ ಅದು ಸಿಗುವುದು ತಾಯಿಯ ಹೊಟ್ಟೆಯ ಪಕ್ಕದಲ್ಲಿ ಮಾತ್ರ. ಆ ರಾತ್ರಿ ಹನ್ನೊಂದು ಮರಿ ಹುಟ್ಟಿದವು. ವಾರದ ಕೊನೆಗೆ ಉಳಿದದ್ದು ಎಂಟು. ಗೂಡಿನ ಗೋಡೆಗುಂಟ ಒಂದು ಗೇಣು ಎತ್ತರದಲ್ಲಿ ಮರದ ಗಳು ಬಿಗಿದು ಮರಿ ನುಸುಳಲು ಸಂದಿ ಮಾಡಿದ್ದು ಎರಡನೆಯ ಸೂಲಿಗೆ.

ಉಳಿದ ಎಂಟೂ ತಂತಮ್ಮ ಮೊಲೆ ಗೊತ್ತು ಮಾಡಿಕೊಂಡವು. ಮೊದಲ ದಿನಗಳ ಗುದ್ದಾಟದಲ್ಲಿ ಯಾರಿಗೆ ಯಾವುದೆಂದು ತೀರ್ಮಾನವಾದರೆ ಹಾಲು ಬಿಡಿಸುವವರೆಗೂ ಅದೇ. ಹಾಲು ಇಳಿಯುವುದು ಹೆಚ್ಚುಕಡಿಮೆ ಗಂಟೆಗೊಮ್ಮೆ, ಅದೂ ಇಪ್ಪತ್ತು ಸೆಕೆಂಡಿನ ಆಸುಪಾಸು. ತಾಯಿ ಗುರುಗುಟ್ಟುವ ಲಯ ಚುರುಕಾದೊಡನೆ ಎಲ್ಲ ಮರಿಗಳೂ ಒಮ್ಮೆಲೇ ಸ್ತಬ್ಧವಾಗಿ ಚೀಪತೊಡಗುತ್ತವೆ. ಕರೆಂಟು ಹೋದಾಗ ಮನೆ ನಿಶ್ಶಬ್ದವಾಗುವಂತೆ.

ಆ ಹಾಲಿನಲ್ಲಿ ಒಂದು ಕೊರತೆ ಇದೆ. ಮರಿಗೆ ದಿನಕ್ಕೆ ಸುಮಾರು 7 ಮಿಲಿಗ್ರಾಂ ಕಬ್ಬಿಣ ಬೇಕು, ಹಾಲಿನಿಂದ ಸಿಗುವುದು ಸುಮಾರು ಒಂದು. ಹುಟ್ಟುವಾಗ ಮೈಯಲ್ಲಿರುವ ದಾಸ್ತಾನು ಒಂದೆರಡು ವಾರಕ್ಕೂ ಸಾಲದು. ಸಿಮೆಂಟ್ ನೆಲದ ಮರಿಗಳು ಚುಚ್ಚುಮದ್ದು ಬೀಳದಿದ್ದರೆ ರಕ್ತಹೀನತೆಯಿಂದ ಬಿಳಿಚಿಕೊಳ್ಳುವುದು ಇದಕ್ಕೇ. ಬಯಲಿನ ಮರಿ ಮಾತ್ರ ಎರಡನೆಯ ದಿನದಿಂದಲೇ ಮಣ್ಣು ತಿನ್ನತೊಡಗುತ್ತದೆ, ಮಣ್ಣಿನಲ್ಲಿ ಕಬ್ಬಿಣವಿದೆ. ನಮ್ಮ ಕೆಮ್ಮಣ್ಣಿನ ಬಣ್ಣವೇ ಕಬ್ಬಿಣದ್ದು. ಆದರೆ ಮಣ್ಣಿನ ಕಬ್ಬಿಣವೆಲ್ಲ ಮೈಗೆ ಹತ್ತುವ ರೂಪದಲ್ಲಿರುವುದಿಲ್ಲ, ಹಾಗಾಗಿ ಚುಚ್ಚುಮದ್ದನ್ನು ಪೂರ್ತಿ ಬಿಡುವುದು ಜಾಣತನವಲ್ಲ.

ಮಣ್ಣು ಕಬ್ಬಿಣವನ್ನಷ್ಟೇ ಕೊಡುವುದಿಲ್ಲ. ಹಂದಿಯ ಜಂತುಹುಳುವಿನ ಮೊಟ್ಟೆ ನೆಲದಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಒಳಗೆ ಹೋದ ಮರಿಹುಳು ಕರುಳು ಕೊರೆದು ಯಕೃತ್ತಿನ ಮೂಲಕ ಶ್ವಾಸಕೋಶಕ್ಕೆ ಸಾಗುತ್ತದೆ. ಅದು ಹಾದುಹೋದ ದಾರಿ ಯಕೃತ್ತಿನ ಮೇಲೆ ಹಾಲು ಚೆಲ್ಲಿದಂಥ ಬಿಳಿ ಕಲೆಗಳಾಗಿ ಉಳಿಯುತ್ತದೆ. ಕೊಯ್ದಾಗ ಕಣ್ಣಿಗೇ ಕಾಣುತ್ತದೆ. ಔಷಧ ಹಾಕಿದರೆ ಹೊಟ್ಟೆಯ ಹುಳು ಸಾಯುತ್ತದೆ, ನೆಲದ ಮೊಟ್ಟೆ ಸಾಯುವುದಿಲ್ಲ. ಹಂದಿಯನ್ನು ಜಾಗದಿಂದ ಜಾಗಕ್ಕೆ ಸರಿಸುತ್ತಿರಬೇಕು. ಅಲ್ಲಿಗೆ ಅರ್ಧ ಎಕರೆಯ ಲೆಕ್ಕ ತಪ್ಪುತ್ತದೆ.

ಬ್ರಿಟನ್ನಿನಲ್ಲಿ ಮರಿ ಹಾಕುವ ಹಂದಿಗಳಲ್ಲಿ ನೂರಕ್ಕೆ ನಲವತ್ತರಷ್ಟು ಬಯಲಿನಲ್ಲೇ ಇವೆ, ಹೆಕ್ಟೇರಿಗೆ ಇಪ್ಪತ್ತು, ಇಪ್ಪತ್ತೈದು ಹಂದಿಯಂತೆ. ಇದನ್ನು ಎಲ್ಲೋ ಓದಿ ನನ್ನ ಗೆಳೆಯ ತನ್ನ ಅರ್ಧ ಎಕರೆಗೆ ನಾಲ್ಕು ಹಂದಿ ಧಾರಾಳ ಎಂದುಕೊಂಡಿದ್ದ. ಆ ಸಾಕಣೆ ಬೆಳೆದದ್ದು ಸಫೋಕ್, ನಾರ್ಫೋಕ್‌ನಂಥ ಪೂರ್ವದ ಜಿಲ್ಲೆಗಳ ಮರಳು ಮಿಶ್ರಿತ ನೆಲದಲ್ಲಿ. ಅಲ್ಲಿ ವರ್ಷದ ಮಳೆ ಸುಮಾರು 600 ಮಿಲಿಮೀಟರ್. ಮಡಿಕೇರಿಯ ಮಳೆ 3,000 ದಾಟುತ್ತದೆ. ನಮ್ಮ ಜೇಡಿಮಣ್ಣಿನ ಇಳಿಜಾರಿನಲ್ಲಿ ಬೇರು ಕಿತ್ತ ನೆಲ ಮಳೆಗೆ ನಿಲ್ಲುವುದಿಲ್ಲ. ಮೇಲ್ಮಣ್ಣು ಗೊಬ್ಬರದ ಸಮೇತ ತೋಡು ಸೇರುತ್ತದೆ. ಕಾಫಿ ಗಿಡದ ನಡುವೆ ಬಿಡೋಣವೆಂದರೆ ಕಾಫಿಯ ಬೇರು ಇರುವುದೇ ಮೂತಿಗೆ ಎಟುಕುವ ಆಳದಲ್ಲಿ. ಈಗ ಅವನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂದಿಗಳನ್ನು ದಪ್ಪನೆ ಹುಲ್ಲು ಹಾಸಿದ ಚಪ್ಪರದಡಿ ಇಡುತ್ತಾನೆ. ಕಲಿತದ್ದು ಎರಡು ಮಳೆಗಾಲ ಕಳೆದ ಮೇಲೆ.

ಹೊಸದಾಗಿ ಹಂದಿ ಕಟ್ಟುವವರ ಇನ್ನೊಂದು ಭ್ರಮೆ, ಬಿಟ್ಟರೆ ತಾನೇ ಮೇಯ್ದುಕೊಳ್ಳುತ್ತದೆ ಎನ್ನುವುದು. ಹಸುವಿನ ನಾಲ್ಕು ಕೋಣೆಯ ಹೊಟ್ಟೆ ಹಂದಿಗಿಲ್ಲ; ಹುಲ್ಲು ಅದಕ್ಕೆ ಪಲ್ಯ, ಅನ್ನವಲ್ಲ. ಒಂದು ಕಿಲೋ ಮೈ ಬೆಳೆಯಲು ಮೂರು ಕಿಲೋ ಒಳ್ಳೆಯ ಮೇವಾದರೂ ಬೇಕು, ಓಡಾಡುವ ಹಂದಿಗೆ ಅದಕ್ಕಿಂತ ಹೆಚ್ಚು. ಖರ್ಚಿನ ಮೂರರಲ್ಲಿ ಎರಡು ಪಾಲು ಮೇವಿನದೇ. ಮೆಕ್ಕೆಜೋಳ, ಹಿಂಡಿಯ ದರ ಏರಿದೊಡನೆ ಎಲ್ಲರ ಕಣ್ಣೂ ಹೋಟೆಲಿನ ಮುಸುರೆಯ ಡ್ರಮ್ಮಿನ ಮೇಲೆ ಬೀಳುತ್ತದೆ.

ಅಪಾಯ ಕುಳಿತಿರುವುದೂ ಆ ಡ್ರಮ್ಮಿನಲ್ಲೇ. ಆಫ್ರಿಕನ್ ಹಂದಿಜ್ವರ 1921ರಲ್ಲಿ ಕೀನ್ಯಾದಿಂದ ಮೊದಲು ವರದಿಯಾದ ರೋಗ. ಅಲ್ಲಿನ ವಾರ್ಟ್‌ಹಾಗ್ ಎಂಬ ಕಾಡುಹಂದಿಗಳು ಆ ವೈರಸ್ಸನ್ನು ಆರಾಮವಾಗಿ ಹೊತ್ತು ತಿರುಗುತ್ತವೆ, ನಮ್ಮ ಊರಹಂದಿಗೆ ತಗಲಿದರೆ ಉಳಿಯುವುದು ಅಪರೂಪ. 2007ರಲ್ಲಿ ಜಾರ್ಜಿಯಾ, 2018ರಲ್ಲಿ ಚೀನಾ, 2020ರಲ್ಲಿ ನಮ್ಮ ಅಸ್ಸಾಂ, ಅರುಣಾಚಲ ಪ್ರದೇಶ. ಮನುಷ್ಯರಿಗೆ ಅಂಟುವುದಿಲ್ಲ, ಹಂದಿಗೆ ಮದ್ದಿಲ್ಲ. ಹೆಪ್ಪುಗಟ್ಟಿಸಿದ ಮಾಂಸದಲ್ಲಿ ವೈರಸ್ಸು ವರ್ಷಗಟ್ಟಲೆ ಬದುಕುತ್ತದೆ, ಮುಸುರೆಯಲ್ಲಿ ಬಿದ್ದ ಒಂದು ತುಂಡು ಸಾಕು. ರೋಗ ಖಚಿತವಾದರೆ ಸುತ್ತ ಒಂದು ಕಿಲೋಮೀಟರ್ ದೂರದೊಳಗಿನ ಎಲ್ಲ ಹಂದಿಗಳನ್ನೂ ಕೊಲ್ಲಬೇಕೆಂಬುದು ಸರ್ಕಾರದ ನಿಯಮ. ಹಾಗಾಗಿ ಮುಸುರೆ ತಂದರೂ ಅರ್ಧ ಗಂಟೆ ಕೊತಕೊತ ಕುದಿಸದೆ ಸುರಿಯುವಂತಿಲ್ಲ. ಸೌದೆಯ ಲೆಕ್ಕ ಹಾಕಿದರೆ ಪುಕ್ಕಟೆ ಮೇವು ಅಷ್ಟೇನೂ ಪುಕ್ಕಟೆಯಲ್ಲ. ಬಯಲಿನವರಿಗೆ ಇದರ ಮೇಲೆ ಕಾಡುಹಂದಿಯ ಭಯ. ಬೆದೆಗೆ ಬಂದ ಹೆಣ್ಣಿನ ವಾಸನೆ ಹಿಡಿದು ಕಾಡಿನ ಗಂಡು ಬೇಲಿಯವರೆಗೂ ಬರುತ್ತದೆ. ಒಂದು ಬೇಲಿ ಸಾಲದು, ಮೂತಿಗೆ ಮೂತಿ ತಾಗದಷ್ಟು ಅಂತರ ಬಿಟ್ಟು ಇನ್ನೊಂದು ಬೇಕು.

ಲಾಡಿಹುಳುವಿನ ವಿಷಯದಲ್ಲಿ ಮಾತ್ರ ಹಂದಿಗೆ ಅನ್ಯಾಯವಾಗಿದೆ. ಹಂದಿ ತಿಂದರೆ ಮಿದುಳಿಗೆ ಹುಳು ಹೋಗುತ್ತದೆ ಎನ್ನುವವರಿದ್ದಾರೆ. ಸರಿಯಾಗಿ ಬೇಯದ ಮಾಂಸದಿಂದ ಕರುಳಿಗೆ ಲಾಡಿಹುಳು ಸೇರುವುದು ನಿಜ. ಮಿದುಳಿನಲ್ಲಿ ಗಂಟಾಗುವುದು ಆ ಹುಳುವಿನ ಮೊಟ್ಟೆ ನುಂಗಿದಾಗ, ಮೊಟ್ಟೆ ಹೊರಬೀಳುವುದು ಮನುಷ್ಯನ ಮಲದಲ್ಲಿ. ಸಸ್ಯಾಹಾರಿಗಳಿಗೂ ಈ ಕಾಯಿಲೆ ಬರುವುದು ಹೀಗೆ, ಸರಿಯಾಗಿ ತೊಳೆಯದ ಸೊಪ್ಪಿನಿಂದ, ಕೊಳೆ ಕೈಯಿಂದ. ಹಂದಿಗೂ ಅದು ನಮ್ಮಿಂದಲೇ ಅಂಟುತ್ತದೆ. ಬೀದಿ ಅಲೆಯುವ ಹಂದಿಗೂ ಬೇಲಿಯೊಳಗೆ ಬೆಳೆದ ಹಂದಿಗೂ ಇರುವ ವ್ಯತ್ಯಾಸ ಇದು, ಕೊಳ್ಳುವವರಿಗೆ ಬಿಡಿಸಿ ಹೇಳುವುದೂ ಸಾಕುವವನ ಕೆಲಸದಲ್ಲಿ ಸೇರಿದೆ.

ಹಿಂದಿನ ಡಿಸೆಂಬರಿನಲ್ಲಿ ಗೆಳೆಯ ಪಕ್ಕದ ಇನ್ನರ್ಧ ಎಕರೆಗೆ ಬೇಲಿ ಎಳೆದ. ಹಳೆಯ ಜಾಗಕ್ಕೆ ಕುಂಬಳ ಹಾಕುವ ಯೋಚನೆ. ಎರಡರ ನಡುವಿನ ತಂತಿ ಸುತ್ತಿ ತೆಗೆದು, ಹಂದಿಗಳು ಹೊಸ ಹುಲ್ಲಿಗೆ ನುಗ್ಗುತ್ತವೆಂದು ಫೋಟೊ ತೆಗೆಯಲು ಮೊಬೈಲ್ ಹಿಡಿದು ನಿಂತೆವು. ಒಂದೂ ಕದಲಲಿಲ್ಲ. ತಂತಿ ಇದ್ದ ಗೆರೆಯವರೆಗೆ ಬಂದು, ಮೂತಿ ಚಾಚಿ ಮೂಸಿ, ಕಿರುಚಿ ಹಿಂದೆ ಸರಿದವು. ಮರಿಯಾಗಿದ್ದಾಗ ಒಂದೆರಡು ಸಲ ಮೂತಿಗೆ ಹೊಡೆದ ಶಾಕ್ ಅಷ್ಟು ನೆನಪಿನಲ್ಲಿತ್ತು. ಕರೆದರೂ ಬರಲಿಲ್ಲ, ಹಿಂದಿನಿಂದ ಅಟ್ಟಿದರೆ ನಮ್ಮನ್ನೇ ಸುತ್ತುಹಾಕಿ ಹಳೆಯ ಕೆಸರಿಗೆ ಓಡಿದವು. ಮರುದಿನ ಗೆರೆಯ ಆಚೆಗೆ ಬೇಯಿಸಿದ ಕೆಸುವಿನ ಗೆಡ್ಡೆ, ತೌಡು ಸುರಿದು ದೂರ ಕುಳಿತೆವು. ಹನ್ನೊಂದು ಗಂಟೆಯ ಹೊತ್ತಿಗೆ ಮುದಿ ಹೆಣ್ಣುಹಂದಿ ಎದ್ದು ಬಂತು. ಗೆರೆಯ ಮುಂದೆ ಮೊಣಕಾಲೂರಿ, ಮೂತಿ ಮಣ್ಣಿಗೆ ಇಟ್ಟು, ಗೆರೆಯನ್ನೇ ಅಗೆಯುತ್ತ ಅಗೆಯುತ್ತ ಆಚೆ ದಾಟಿತು.