ಕೀರ್ತಿಯೋಗ: ಜಾತಕದಲ್ಲಿ ಹೆಸರು, ಮನ್ನಣೆಗಳ ಲೆಕ್ಕ

ಉಡುಪಿ, ಮಂಗಳೂರಿನ ಕಡೆ ಮಗುವಿನ ಜಾತಕ ಬರೆಸಿದ ಮನೆಗಳಲ್ಲಿ ‘ಕೀರ್ತಿಯೋಗ ಉಂಟಂತೆ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಯಕ್ಷಗಾನದ ಹೆಜ್ಜೆ ಕಲಿಯುತ್ತಿರುವ ಹುಡುಗನ ಮನೆಯವರಾಗಲಿ, ಭರತನಾಟ್ಯದ ರಂಗಪ್ರವೇಶಕ್ಕೆ ಅಣಿಯಾಗುತ್ತಿರುವ ಹುಡುಗಿಯ ಮನೆಯವರಾಗಲಿ ಜೋಯಿಸರ ಮುಂದೆ ಇಡುವ ಪ್ರಶ್ನೆಗಳಲ್ಲಿ ಇದೂ ಒಂದು. ಆದರೆ ಮದುವೆಯ ಹೊತ್ತಿಗೆ ಕುಜದೋಷವನ್ನು ನೋಡಿದಷ್ಟು ಸುಲಭವಾಗಿ ಇದನ್ನು ನೋಡಿ ಹೇಳಲು ಬರುವುದಿಲ್ಲ. ರೂಢಿಯಲ್ಲಿ ಕೀರ್ತಿಯೋಗ ಎನ್ನುವುದು ಹೆಸರು, ಮನ್ನಣೆ, ಪದವಿಗಳನ್ನು ಸೂಚಿಸುವ ಹಲವು ಗ್ರಹಸ್ಥಿತಿಗಳಿಗೆ ಸಲ್ಲುವ ಒಟ್ಟು ಹೆಸರು. ಹಳೆಯ ಗ್ರಂಥಗಳು ಇವನ್ನು ಅಮಲ, ಖ್ಯಾತಿ, ಗಜಕೇಸರಿ, ಹಂಸ ಮುಂತಾಗಿ ಬಿಡಿಬಿಡಿಯಾಗಿಯೇ ಹೇಳುತ್ತವೆ.

ಇವುಗಳಲ್ಲಿ ಹೆಚ್ಚಿನವು ಕುಂಡಲಿಯ ಹತ್ತನೆಯ ಮನೆಯನ್ನು, ಅಂದರೆ ಕರ್ಮಭಾವವನ್ನು, ಆಶ್ರಯಿಸಿಕೊಂಡಿವೆ. ನಮ್ಮ ಕಡೆಯ ಕುಂಡಲಿಯಲ್ಲಿ ರಾಶಿಗಳ ಜಾಗ ಬದಲಾಗುವುದಿಲ್ಲ. ಮೇಲಿನ ಸಾಲಿನ ಎಡತುದಿಯಲ್ಲಿ ಮೀನ, ಅದರ ಬಲಕ್ಕೆ ಮೇಷ, ಹೀಗೆ ಪ್ರದಕ್ಷಿಣವಾಗಿ ಹನ್ನೆರಡು ಮನೆಗಳಿರುತ್ತವೆ. ‘ಲ’ ಎಂದು ಬರೆದ ಮನೆಯನ್ನೇ ಒಂದು ಎಂದು ಹಿಡಿದು ಎಣಿಸುತ್ತ ಹೋದರೆ ಹತ್ತನೆಯ ಮನೆ ಸಿಗುತ್ತದೆ. ಹುಟ್ಟಿದ ಕ್ಷಣದಲ್ಲಿ ಮೂಡಣ ದಿಗಂತದಲ್ಲಿ ಉದಯಿಸುತ್ತಿದ್ದ ರಾಶಿ ಲಗ್ನವಾದರೆ, ಹತ್ತನೆಯದು ಹೆಚ್ಚು ಕಡಿಮೆ ನೆತ್ತಿಯ ಮೇಲಿನ ಆಕಾಶ. ಮಧ್ಯಾಹ್ನದ ಸೂರ್ಯನಿರುವ ಈ ಸ್ಥಾನ ಎಲ್ಲರ ಕಣ್ಣಿಗೆ ಬೀಳುವಂಥದ್ದಾದ್ದರಿಂದ, ಮನುಷ್ಯನ ಕೆಲಸವೂ ಆ ಕೆಲಸದಿಂದ ಬರುವ ಹೆಸರೂ ಇದೇ ಭಾವಕ್ಕೆ ಸೇರಿವೆ ಎಂದರೆ ತಪ್ಪಾಗಲಾರದು. ರವಿ ಮತ್ತು ಕುಜರಿಗೆ ದಿಗ್ಬಲ, ಅಂದರೆ ದಿಕ್ಕಿನಿಂದ ಬರುವ ಬಲ, ದೊರೆಯುವುದೂ ಇಲ್ಲಿಯೇ. ಉಳಿದ ಭಾವಗಳ ಪೈಕಿ ಎರಡನೆಯದು ಮಾತು ಮತ್ತು ಕಂಠವನ್ನು, ಮೂರನೆಯದು ಸಾಹಸವನ್ನು, ಐದನೆಯದು ಪ್ರತಿಭೆಯನ್ನು, ಒಂಬತ್ತನೆಯದು ಭಾಗ್ಯವನ್ನು, ಹನ್ನೊಂದನೆಯದು ಲಾಭವನ್ನು ಹೇಳುತ್ತವೆ.

ಈ ಯೋಗಗಳಲ್ಲಿ ನನಗೆ ಬಹಳ ಅರ್ಥವತ್ತಾಗಿ ಕಾಣುವುದು ಅಮಲಯೋಗ. ಲಗ್ನದಿಂದ ಅಥವಾ ಚಂದ್ರನಿಂದ ಹತ್ತನೆಯ ಮನೆಯಲ್ಲಿ ಗುರು, ಶುಕ್ರರಂಥ ಶುಭಗ್ರಹವಿದ್ದರೆ ಈ ಯೋಗ ಉಂಟಾಗುತ್ತದೆ. ಇದಕ್ಕೆ ಹೇಳಿರುವ ಫಲ ಕಳಂಕವಿಲ್ಲದ, ಬಾಳಿಕೆ ಬರುವ ಕೀರ್ತಿ. ಎಷ್ಟು ಜನರಿಗೆ ಪರಿಚಯವಾಗುತ್ತಾನೆ ಎಂಬ ಲೆಕ್ಕ ಇದರಲ್ಲಿ ಇಲ್ಲವೇ ಇಲ್ಲ. ಊರಿನ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ, ನಿವೃತ್ತರಾದ ಮೇಲೂ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಶಿಷ್ಯರಿಂದ ಕೈಮುಗಿಸಿಕೊಳ್ಳುವ ಮೇಷ್ಟ್ರಿಗೂ ಅಮಲಯೋಗ ಫಲಿಸಿದೆ ಎನ್ನಬಹುದು. ‘ಫಲದೀಪಿಕೆ’ ಎಂಬ ಹಳೆಯ ಜ್ಯೋತಿಷ ಗ್ರಂಥದಲ್ಲಿ ಒಂದೊಂದು ಭಾವಕ್ಕೆ ಒಂದೊಂದರಂತೆ ಹೇಳಿದ ಹನ್ನೆರಡು ಯೋಗಗಳಲ್ಲಿ ಹತ್ತನೆಯದರ ಹೆಸರು ಖ್ಯಾತಿ, ಅದಕ್ಕೂ ಆ ಭಾವದ ಶುಭತ್ವ ಮತ್ತು ಭಾವಾಧಿಪತಿಯ, ಅಂದರೆ ಆ ಮನೆಯ ರಾಶಿಗೆ ಒಡೆಯನಾದ ಗ್ರಹದ, ಬಲವೇ ಆಧಾರ.

ಗಜಕೇಸರಿಯ ಬಗ್ಗೆ ಮಾತ್ರ ಸ್ವಲ್ಪ ಎಚ್ಚರ ಬೇಕು. ಚಂದ್ರನಿಂದ ಒಂದು, ನಾಲ್ಕು, ಏಳು, ಹತ್ತು ಎಂಬ ಕೇಂದ್ರಗಳಲ್ಲಿ ಗುರುವಿದ್ದರೆ ಗಜಕೇಸರಿ ಎನ್ನುತ್ತಾರೆ. ಹನ್ನೆರಡು ಮನೆಗಳಲ್ಲಿ ನಾಲ್ಕು ಕೇಂದ್ರಗಳಾದ್ದರಿಂದ ಸುಮಾರು ಮೂರರಲ್ಲಿ ಒಂದು ಜಾತಕದಲ್ಲಿ ಇದು ಇದ್ದೇ ಇರುತ್ತದೆ. ಗುರು ಅಸ್ತನಾಗಿರದೆ (ಸೂರ್ಯನ ಸಮೀಪ ಮರೆಯಾಗಿರದೆ), ನೀಚನಾಗಿರದೆ (ಬಲ ಕುಂದುವ ರಾಶಿಯಲ್ಲಿರದೆ), ಚಂದ್ರನೂ ಕ್ಷೀಣನಾಗಿರದೆ ಇದ್ದಾಗ ಮಾತ್ರ ಅದಕ್ಕೆ ತೂಕ. ಒಂದು ಗ್ರಹ ತನ್ನ ಸ್ವಂತ ಅಥವಾ ಉಚ್ಚ ರಾಶಿಯಲ್ಲಿದ್ದು ಕೇಂದ್ರದಲ್ಲಿ ನಿಂತರೆ ಆಗುವ ಪಂಚಮಹಾಪುರುಷ ಯೋಗಗಳ ಕಥೆಯೂ ಹೆಚ್ಚು ಬೇರೆಯಲ್ಲ. ಶನಿ ತುಲಾ, ಮಕರ ಅಥವಾ ಕುಂಭದಲ್ಲಿದ್ದು ಅದು ಲಗ್ನದಿಂದ ಕೇಂದ್ರವಾದರೆ ಶಶಯೋಗ. ಶನಿ ಒಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ ಇರುವುದರಿಂದ, ಆ ಅವಧಿಯ ಪ್ರತಿ ದಿನವೂ ಸುಮಾರು ಎಂಟು ಗಂಟೆಗಳ ಕಾಲ ಹುಟ್ಟಿದ ಎಲ್ಲ ಮಕ್ಕಳಿಗೂ ಈ ಯೋಗ ಬರುತ್ತದೆ. ಅವರೆಲ್ಲರೂ ನಾಯಕರಾಗುವುದಿಲ್ಲ ಎಂಬುದು ಕಣ್ಣೆದುರೇ ಇದೆ. ಹೀಗಿರುವಾಗ ಒಂದು ಯೋಗದ ಹೆಸರನ್ನಷ್ಟೇ ಹೇಳಿ ಹೆತ್ತವರಲ್ಲಿ ಆಸೆ ಹುಟ್ಟಿಸುವುದು ಶಾಸ್ತ್ರಕ್ಕೆ ಮಾಡುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ.

ಜ್ಯೋತಿಷದ ಇನ್ನೊಂದು ಕವಲಾದ ಜೈಮಿನಿ ಪದ್ಧತಿಯ ಆರೂಢ ಲಗ್ನವನ್ನೂ ಇಲ್ಲಿ ಹೇಳಬೇಕು. ಲಗ್ನದಿಂದ ಲಗ್ನಾಧಿಪತಿ ಎಷ್ಟನೆಯ ಮನೆಯಲ್ಲಿದ್ದಾನೋ ಅವನಿಂದ ಮತ್ತೆ ಅಷ್ಟನೆಯ ಮನೆಯನ್ನು ಎಣಿಸಿದರೆ ಆರೂಢ ಸಿಗುತ್ತದೆ. ಅದು ಲಗ್ನದಲ್ಲಿಯೇ ಅಥವಾ ಏಳರಲ್ಲಿಯೇ ಬಿದ್ದರೆ ಅಲ್ಲಿಂದ ಹತ್ತನೆಯದನ್ನು ತೆಗೆದುಕೊಳ್ಳುವ ರೂಢಿಯಿದೆ. ವ್ಯಕ್ತಿ ಇರುವ ಬಗೆಯನ್ನು ಲಗ್ನ ಹೇಳಿದರೆ, ಲೋಕ ಅವನನ್ನು ಕಾಣುವ ಬಗೆಯನ್ನು ಆರೂಢ ಹೇಳುತ್ತದೆ. ಪ್ರಸಿದ್ಧಿಯ ವಿಚಾರದಲ್ಲಿ ಇದನ್ನು ಬಿಟ್ಟು ಮಾತಾಡುವುದು ಕಷ್ಟ.

ಒಂದು ಕಲ್ಪಿತ ಜಾತಕವನ್ನು ಎದುರಿಗಿಟ್ಟುಕೊಳ್ಳೋಣ. ಮಿಥುನ ಲಗ್ನ, ಹತ್ತನೆಯ ಮೀನದಲ್ಲಿ ಗುರು, ನಾಲ್ಕನೆಯ ಕನ್ಯೆಯಲ್ಲಿ ರವಿ, ಸಿಂಹದಲ್ಲಿ ಬುಧ, ತುಲೆಯಲ್ಲಿ ಶುಕ್ರ. ಚಂದ್ರ ಕರ್ಕಾಟಕದಲ್ಲಿ, ಆಶ್ಲೇಷಾ ನಕ್ಷತ್ರ. ರವಿ ನಾಲ್ಕರಲ್ಲಿರುವುದರಿಂದ ನಡುರಾತ್ರಿಯ ಆಸುಪಾಸಿನ ಜನನ. ಗುರು ಸ್ವಕ್ಷೇತ್ರದಲ್ಲಿ, ಕೇಂದ್ರದಲ್ಲಿ ಇರುವುದರಿಂದ ಹಂಸಯೋಗ; ಹತ್ತರಲ್ಲಿ ಶುಭಗ್ರಹವಿರುವುದರಿಂದ ಅಮಲಯೋಗವೂ ಹೌದು. ಇಷ್ಟಕ್ಕೇ ನಿಲ್ಲಿಸಿದರೆ ಮನೆಯವರಿಗೆ ಸಂತೋಷ. ಆದರೆ ಮಿಥುನ ಲಗ್ನಕ್ಕೆ ಗುರು ಏಳು ಮತ್ತು ಹತ್ತು ಎಂಬ ಎರಡು ಕೇಂದ್ರಗಳ ಅಧಿಪತಿಯಾಗುವುದರಿಂದ ಕೇಂದ್ರಾಧಿಪತ್ಯ ದೋಷವನ್ನೂ (ಶುಭಗ್ರಹ ಕೇಂದ್ರಕ್ಕೆ ಒಡೆಯನಾದಾಗ ಅದರ ಶುಭತ್ವ ಕುಂದುವುದನ್ನು) ಹೇಳಬೇಕಾಗುತ್ತದೆ. ರವಿ ಅವನಿಗೆ ಎದುರಾಗಿ ನಿಂತಿರುವುದರಿಂದ ಗುರು ವಕ್ರಿ, ಅಂದರೆ ಹಿಮ್ಮುಖವಾಗಿ ಚಲಿಸುವಂತೆ ಕಾಣುವವನು. ಹತ್ತರಲ್ಲಿ ಬಲ ಪಡೆಯುವ ರವಿ ಇಲ್ಲಿ ನಾಲ್ಕರಲ್ಲಿ ಕುಳಿತು ದಿಗ್ಬಲ ಕಳೆದುಕೊಂಡಿದ್ದಾನೆ. ಚಂದ್ರನಿಂದ ಗುರು ಒಂಬತ್ತನೆಯವನಾದ್ದರಿಂದ ಗಜಕೇಸರಿಯಂತೂ ಇಲ್ಲ. ಇನ್ನೊಂದು ಕಡೆ, ಲಗ್ನಾಧಿಪತಿ ಬುಧ ಮೂರರಲ್ಲಿದ್ದಾನೆ. ಅಲ್ಲಿಂದ ಮೂರು ಎಣಿಸಿದರೆ ಆರೂಢ ತುಲೆಗೆ ಬೀಳುತ್ತದೆ, ಅಲ್ಲಿ ಶುಕ್ರ ತನ್ನ ಸ್ವಂತ ಮನೆಯಲ್ಲಿದ್ದಾನೆ. ಲಗ್ನದಿಂದ ಅದು ಪ್ರತಿಭೆಯ ಐದನೆಯ ಮನೆ. ಈ ಜಾತಕದಲ್ಲಿ ಅಧಿಕಾರದಿಂದ ಬರುವ ಹೆಸರಿಗಿಂತ ಕಲೆಯಿಂದ ಬರುವ ಹೆಸರಿನ ಸೂಚನೆಯೇ ಗಟ್ಟಿ ಎಂದು ನಾನು ಓದುತ್ತೇನೆ.

ಅದು ಯಾವಾಗ ಎಂಬುದಕ್ಕೆ ದಶೆಯ, ಅಂದರೆ ಒಂದೊಂದು ಗ್ರಹದ ಫಲ ನಡೆಯುವ ಅವಧಿಯ, ಲೆಕ್ಕ ಬೇಕು. ವಿಂಶೋತ್ತರಿ ಎಂಬ ದಶಾಪದ್ಧತಿಯ 120 ವರ್ಷಗಳಲ್ಲಿ ಆಶ್ಲೇಷೆಯಲ್ಲಿ ಹುಟ್ಟಿದವರಿಗೆ ಮೊದಲು ಬುಧದಶೆಯ ಶೇಷ, ನಂತರ ಕೇತು 7, ಶುಕ್ರ 20, ರವಿ 6, ಚಂದ್ರ 10, ಕುಜ 7, ರಾಹು 18, ಆಮೇಲೆ ಗುರು. ಬುಧದಶೆ 17 ವರ್ಷದ್ದಾದ್ದರಿಂದ ಶುಕ್ರದಶೆ ಏಳರಿಂದ ಇಪ್ಪತ್ನಾಲ್ಕರೊಳಗಿನ ಯಾವುದೋ ವಯಸ್ಸಿನಲ್ಲಿ ಆರಂಭವಾಗುತ್ತದೆ. ಅಷ್ಟು ದೊಡ್ಡದಾಗಿ ಹೇಳಿದ ಹಂಸಯೋಗದ ಗುರುದಶೆಗೆ ಕನಿಷ್ಠ 68 ವರ್ಷ ಕಾಯಬೇಕು. ಶುಕ್ರನ ಎರಡು ದಶಕಗಳಲ್ಲಿ ವೇದಿಕೆಯ ಹೆಸರು, ಇಳಿವಯಸ್ಸಿನಲ್ಲಿ ಮನ್ನಣೆ ಎಂದು ಫಲ ಹೇಳುವುದು ಇಂತಹ ಜಾತಕದಲ್ಲಿ ಕ್ರಮ.

ಒಂದೇ ಗ್ರಹವನ್ನು ಹಿಡಿದು ಭವಿಷ್ಯ ಹೇಳಬಾರದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಉದಾಹರಣೆ ಇದೆ. ಕೋಟದ ಶಿವರಾಮ ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು. ನಕ್ಷತ್ರಗಳನ್ನು ಆಧರಿಸಿದ ನಿರಯನ ಗಣನೆಯಲ್ಲಿ ಅಂದು ಗುರು ಮಕರದಲ್ಲಿದ್ದ, ಅಂದರೆ ನೀಚರಾಶಿಯಲ್ಲಿ. ವಿದ್ಯೆಗೂ ಗೌರವಕ್ಕೂ ಕಾರಕನಾದ ಗ್ರಹ ನೀಚನಾಗಿದ್ದ ದಿನ ಹುಟ್ಟಿದವರು ಕನ್ನಡದ ಅಗ್ರಮಾನ್ಯ ಲೇಖಕರಾದರು, 1977ರ ಜ್ಞಾನಪೀಠ ಪ್ರಶಸ್ತಿಯನ್ನೂ ಪಡೆದರು. ನೀಚತ್ವವನ್ನು ಬೇರೆ ಗ್ರಹಸ್ಥಿತಿಗಳು ಅಳಿಸುವ ನೀಚಭಂಗದಿಂದ ಹೀಗಾಯಿತೆಂದು ಶಾಸ್ತ್ರಜ್ಞರು ವಿವರಿಸಬಹುದು. ಆದರೆ ಅದು ಫಲ ಕಂಡ ಮೇಲೆ ಹುಡುಕಿದ ಕಾರಣವಾಗಿಬಿಡುವ ಅಪಾಯವಿದೆ.

ಈಗ ರೀಲ್ಸ್ ನೋಡಿ ‘ವೈರಲ್ ಆಗುವ ಯೋಗ ಉಂಟೋ’ ಎಂದು ಕೇಳುವವರೂ ಇದ್ದಾರೆ. ಇದಕ್ಕೆ ಹತ್ತರ ಅಥವಾ ಹನ್ನೊಂದರ ರಾಹುವನ್ನು ತೋರಿಸುವುದು ಇತ್ತೀಚಿನ ವ್ಯಾಖ್ಯಾನ. ಥಟ್ಟನೆ ಬಂದು ಥಟ್ಟನೆ ಹೋಗುವುದು, ಹೆಸರಿನ ಜೊತೆಗೆ ಅಪವಾದವನ್ನೂ ತರುವುದು ರಾಹುವಿಗೆ ಒಪ್ಪುವ ಗುಣಗಳೇ. ಹತ್ತರಲ್ಲಿ ಪಾಪಗ್ರಹಗಳು ಕೆಟ್ಟು ನಿಂತರೆ ಅಪಕೀರ್ತಿ ಎಂಬ ಮಾತನ್ನು ಹೆತ್ತವರಿಗೆ ತಿಳಿಸದೆ ಬಿಡುವುದು ಸರಿಯಲ್ಲ.

ಪರೀಕ್ಷೆಯ ಒರೆಗಲ್ಲಿಗೆ ಹಚ್ಚಿದಾಗ ಜಾತಕ ನಿಂತಿಲ್ಲ ಎಂಬುದನ್ನೂ ಓದುಗರು ತಿಳಿದಿರಬೇಕು. ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು 2008ರಲ್ಲಿ ಮಹಾರಾಷ್ಟ್ರದಲ್ಲಿ ಪ್ರತಿಭಾವಂತ ವಿದ್ಯಾರ್ಥಿಗಳ 100 ಮತ್ತು ಬುದ್ಧಿಮಾಂದ್ಯ ಮಕ್ಕಳ 100 ಜಾತಕಗಳನ್ನು ಸಂಗ್ರಹಿಸಿ, ಅವುಗಳಲ್ಲಿ 40ನ್ನು ಒಬ್ಬೊಬ್ಬ ಜ್ಯೋತಿಷಿಗೆ ಕೊಟ್ಟು, ಯಾವುದು ಯಾರದೆಂದು ಗುರುತಿಸಲು ಕೇಳಿದ್ದರು. ಉತ್ತರಿಸಿದ 27 ಜ್ಯೋತಿಷಿಗಳ ಸರಾಸರಿ ಸರಿಯುತ್ತರ ಶೇ. 46 ಮಾತ್ರ, ನಾಣ್ಯ ಚಿಮ್ಮಿ ಹೇಳಿದ್ದರೂ ಶೇ. 50ರಷ್ಟು ಸರಿಯಾಗುತ್ತಿತ್ತು. ಹೀಗಾಗಿ ಕೀರ್ತಿಯೋಗ ಇಲ್ಲವೆಂದು ಮಗುವಿನ ತಾಳ, ಹೆಜ್ಜೆ, ಓದನ್ನು ನಿಲ್ಲಿಸುವುದಕ್ಕೂ, ಯೋಗವಿದೆಯೆಂದು ಸಾಲ ಮಾಡಿ ಮಗುವನ್ನು ಸ್ಪರ್ಧೆಗಳಿಗೆ ಅಲೆದಾಡಿಸುವುದಕ್ಕೂ ಯಾವ ಆಧಾರವೂ ಇಲ್ಲ.

ಇಷ್ಟು ತಿಳಿದೂ ಜಾತಕ ತೋರಿಸುವವರು ಜನನ ಸಮಯವನ್ನು ಆಸ್ಪತ್ರೆಯ ದಾಖಲೆಯಿಂದಲೇ ತೆಗೆದುಕೊಂಡು ಹೋಗುವುದು ಒಳ್ಳೆಯದು. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ವೃತ್ತಿ, ಪದವಿಗಳಿಗಾಗಿ ನೋಡುವ, ಪ್ರತಿ ರಾಶಿಯನ್ನು ಹತ್ತು ಭಾಗ ಮಾಡಿದ ದಶಾಂಶ ಕುಂಡಲಿಯಲ್ಲಿ ಒಂದೊಂದು ಭಾಗವೂ ಮೂರೇ ಡಿಗ್ರಿಯದಾದ್ದರಿಂದ ಅದರ ಲಗ್ನ ಸುಮಾರು ಹನ್ನೆರಡು ನಿಮಿಷಕ್ಕೊಮ್ಮೆ ಬದಲಾಗುತ್ತದೆ. ‘ಬೆಳಗ್ಗಿನ ಜಾವ, ಕೋಳಿ ಕೂಗುವ ಹೊತ್ತು’ ಎಂದು ಅಜ್ಜಿ ನೆನಪಿಸಿಕೊಂಡ ಸಮಯದಿಂದ ದಶಾಂಶವನ್ನು ಬರೆಯಲು ಬರುವುದಿಲ್ಲ.