ಗೋಡೆ ಮೇಲಿನ ಗೀಟು ಬಿಡಿ, ಬಾಗಿಲಿನ ಕೊಂಡಿ ನೋಡಿ

ಆ ಚಾರ್ಟ್ ವಾಟ್ಸಾಪಿನಲ್ಲಿ ಮತ್ತೆ ತಿರುಗುತ್ತಿದೆ. ಗೋಡೆ ಮೇಲೆ ಐದು ಸೊನ್ನೆ ಇದ್ದರೆ ದುಡ್ಡಿರುವ ಮನೆ, ತೆರೆದ ಪುಸ್ತಕದಂಥ ಚಿತ್ರ ಇದ್ದರೆ ಸುಲಭವಾಗಿ ಮೋಸಹೋಗುವ ಹೆಂಗಸಿನ ಮನೆ, ಹೀಗೆ. ಕೆಳಗೆ ‘ಕಳ್ಳರ ರಹಸ್ಯ ಗುರುತು, ಎಲ್ಲರಿಗೂ ಕಳಿಸಿ’. ಮಂಗಳೂರಿನಲ್ಲಿ ಬೀಗ, ಕ್ಯಾಮೆರಾ ಕೂರಿಸುವುದು ನನ್ನ ಕೆಲಸ. ಚಾರ್ಟ್ ಬಂದ ವಾರ ನನ್ನ ಮೊಬೈಲ್ ತುಂಬ ಬೇರೆಯವರ ಕಾಂಪೌಂಡ್ ಗೋಡೆಗಳೇ.

ಇದು ನಮ್ಮೂರಿನ ಸರಕೇ ಅಲ್ಲ. ಬ್ರಿಟನ್ನಿನಲ್ಲಿ ‘ಡಾ ವಿಂಚಿ ಕೋಡ್’ ಕಾದಂಬರಿಯ ಹೆಸರು ತಿರುಚಿ ಇದಕ್ಕೆ ‘ಡಾ ಪಿಂಚಿ ಕೋಡ್’ ಎಂದು ತಮಾಷೆಗೆ ಹೆಸರಿಟ್ಟಿದ್ದರು, ಪಿಂಚ್ ಅಂದರೆ ಕದಿಯುವುದು. ಅಂಥ ಗುರುತು ನೀರಿನ ಪೈಪು, ಕೇಬಲ್ ಕೆಲಸದವರದ್ದೂ ಇರಬಹುದು ಎಂದು ಅಲ್ಲಿ ಪೊಲೀಸರೇ ಹೇಳಬೇಕಾಯಿತು. ಜರ್ಮನಿಯಲ್ಲಿ ಭಿಕ್ಷುಕರು, ಅಲೆಮಾರಿಗಳು ಗೋಡೆ ಮೇಲೆ ಗೀಚುತ್ತಿದ್ದ ‘ಝಿಂಕೆನ್’ ಎಂಬ ಗುರುತುಗಳಿಗೆ ಶತಮಾನಗಳ ಇತಿಹಾಸ ಉಂಟು. ಆದರೆ ಅದು ಫೋನ್ ಇಲ್ಲದ ಕಾಲ.

ನಮ್ಮ ಗೋಡೆಗಳ ಮೇಲೆ ಬರೆಯುವವರು ಯಾರು ಗೊತ್ತಾ? ಪಲ್ಸ್ ಪೋಲಿಯೋದವರು. ಬೂತಿನ ಭಾನುವಾರ ಮುಗಿದ ಮೇಲೆ ಮನೆಮನೆಗೆ ಬರುತ್ತಾರೆ. ಮಕ್ಕಳಿಗೆಲ್ಲ ಹನಿ ಆಗಿದ್ದರೆ ಇಂಗ್ಲಿಷಿನ ‘ಪಿ’, ಯಾರಾದರೂ ಬಾಕಿ ಇದ್ದರೆ ‘ಎಕ್ಸ್’, ಜತೆಗೆ ತಾರೀಕು, ತಂಡ ಯಾವ ಕಡೆ ಹೋಯಿತು ಎನ್ನಲು ಒಂದು ಬಾಣ. ಚಾರ್ಟ್ ನೋಡಿ ಹೆದರಿದವರ ಕಣ್ಣಿಗೆ ಆ ಬಾಣ ಎಷ್ಟು ಭಯಂಕರ ಅಂತೀರಿ! 2025ರ ಜಾತಿ ಸಮೀಕ್ಷೆಗೆ ಕರೆಂಟ್ ಮೀಟರ್ ರೀಡರ್‌ಗಳು ಅಂಟಿಸಿದ ಸ್ಟಿಕ್ಕರನ್ನೂ ಕೆಲವರು ಕಿತ್ತು ಹಾಕಿದ್ದರು. ಇದರ ಮೇಲೆ ಗ್ಯಾಸ್ ಪೈಪಿನವರು, ಜಲಸಿರಿ ನೀರಿನ ಪೈಪಿನವರು, ಫೈಬರ್ ಎಳೆಯುವವರು. ಎಲ್ಲರ ಕೈಯಲ್ಲೂ ಪೇಂಟ್ ಉಂಟು.

ಕುಲಶೇಖರದ ಕಡೆ ಒಬ್ಬರು ನಿವೃತ್ತ ಟೀಚರ್ ಇದ್ದಾರೆ. ಗೇಟಿನ ಕಂಬದಲ್ಲಿ ಮೂರು ಗೀಟು, ಒಂದು ಸೊನ್ನೆ. ಫೋನಿನಲ್ಲಿ ಅವರ ಧ್ವನಿ ನಡುಗುತ್ತಿತ್ತು. “ಮೂರು ಗೀಟು ಅಂದ್ರೆ ಮೂರು ಜನ ಅಂತೆ. ಆದ್ರೆ ನಾವು ಇರುವುದು ಇಬ್ಬರೇ ಅಲ್ವಾ ಮಾರಾಯ್ರೆ?” ಹಾಗಾದರೆ ಕಳ್ಳನ ಲೆಕ್ಕ ತಪ್ಪಿದೆ ಟೀಚರ್, ನಿಮಗೇ ಲಾಭ ಎಂದೆ. ನಗಲಿಲ್ಲ. ಹೋಗಿ ನೋಡಿದರೆ ಅದೇ ಸಾಲಿನ ಪ್ರತಿ ಕಂಬದಲ್ಲೂ ಅದೇ ಬಣ್ಣದ ಗೀಟು, ಮೂಲೆಯಲ್ಲಿ ಅಗೆದಿಟ್ಟ ಗುಂಡಿ, ಗ್ಯಾಸಿನವರ ಹಳದಿ ಪೈಪಿನ ಸುರುಳಿ. ‘ನಾಳೆ ಬಾ’ ಎಂದು ಬಾಗಿಲಲ್ಲಿ ಬರೆದು ದೆವ್ವವನ್ನೇ ವಾಪಸ್ ಕಳಿಸಿದ ನಾಡಲ್ವಾ ನಮ್ಮದು, ಗೋಡೆ ಬರಹದ ಮೇಲೆ ನಂಬಿಕೆ ಸ್ವಲ್ಪ ಜಾಸ್ತಿಯೇ.

ಸುಮ್ನೆ ಯೋಚಿಸಿ. ಒಳ್ಳೆಯ ಮನೆ ಸಿಕ್ಕಿತು ಎಂದು ಕಳ್ಳ ಇನ್ನೊಬ್ಬ ಕಳ್ಳನಿಗೆ ಯಾಕೆ ಹೇಳುತ್ತಾನೆ? ಸ್ವಂತ ಗ್ಯಾಂಗಿಗೇ ಹೇಳಬೇಕೆಂದರೂ ಕಿಸೆಯಲ್ಲಿ ಮೊಬೈಲ್ ಉಂಟು, ಲೊಕೇಶನ್ ಕಳಿಸಿದರೆ ಆಯಿತು. ಹಗಲಲ್ಲಿ ನಿಮ್ಮ ಗೇಟಿನೆದುರು ನಿಂತು, ಪಕ್ಕದ ಮನೆಯ ಕ್ಯಾಮೆರಾಕ್ಕೆ ಮುಖ ತೋರಿಸಿ, ಅವನು ಚಿತ್ರ ಬರೆಯಬೇಕಾ?

ಹಾಗಂತ ಯಾರೂ ಮನೆ ನೋಡಿಟ್ಟು ಹೋಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ನೋಡುತ್ತಾರೆ. ಮಧ್ಯಾಹ್ನ ಬೆಲ್ ಒತ್ತಿ ಏನೋ ಒಂದು ಹೆಸರು ಕೇಳುತ್ತಾರೆ. ಗೇಟಿಗೆ ಪಾಂಪ್ಲೆಟ್ ಸಿಕ್ಕಿಸಿ ಹೋಗಿ, ಅದು ಮರುದಿನವೂ ಅಲ್ಲೇ ಉಂಟಾ ನೋಡುತ್ತಾರೆ. ಸ್ಪೇನಿನಲ್ಲಿ ಬಾಗಿಲ ಸಂದಿಯಲ್ಲಿ ಸಣ್ಣ ಪ್ಲಾಸ್ಟಿಕ್ ಚೂರು, ಅಂಟಿನ ಎಳೆ ಇಟ್ಟು ಪರೀಕ್ಷಿಸುತ್ತಾರೆಂದು ಪೊಲೀಸರು ಎಚ್ಚರಿಸಿದ್ದಾರೆ. ಚೂರು ಬಿದ್ದಿದ್ದರೆ ಬಾಗಿಲು ತೆರೆದಿದ್ದಾರೆ, ಇಲ್ಲದಿದ್ದರೆ ಮನೆಯಲ್ಲಿ ಯಾರೂ ಇಲ್ಲ. ಅದರಲ್ಲಿ ರಹಸ್ಯ ಭಾಷೆ ಏನೂ ಇಲ್ಲ. ಅನುಮಾನ ಬಂದರೆ ಫೋಟೋ ತೆಗೆದಿಟ್ಟುಕೊಳ್ಳಿ, ಠಾಣೆಗೆ ತಿಳಿಸಿ, ತುರ್ತಿದ್ದರೆ 112ಕ್ಕೆ ಮಾಡಿ. ಗ್ರೂಪಿಗೆ ಹಾಕಬೇಡಿ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಎಂಬ ವಾಟ್ಸಾಪ್ ಸುದ್ದಿಗೇ ಒಬ್ಬ ಎಂಜಿನಿಯರ್ ಜೀವ ಹೋಯಿತು. ನಮ್ಮಲ್ಲಿ ಗುಜರಿ ಹೆಕ್ಕುವವರನ್ನು, ಬೆಡ್‌ಶೀಟ್ ಮಾರುವವರನ್ನು ಅಡ್ಡಹಾಕಿ ಕೇಳುವವರು ಈಗಲೇ ಸಾಕಷ್ಟು ಇದ್ದಾರೆ.

ಅಷ್ಟಕ್ಕೂ ಕಳ್ಳನಿಗೆ ಬೇಕಾದ್ದನ್ನು ನಿಮ್ಮ ಮನೆಯೇ ಹೇಳುತ್ತದೆ. ಅಂಗಳ ಗುಡಿಸದೆ ಬಿದ್ದ ಹಲಸಿನ ಎಲೆ. ಹಗಲಲ್ಲೂ ಉರಿಯುವ ಸಿಟೌಟಿನ ಬಲ್ಬು. ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಒಂದು ಹೆಜ್ಜೆಯೂ ಬೀಳದ ಪಾಚಿ. ಗೇಟಿನ ಹೊರಗೆ ನೇತಾಡುವ ದೊಡ್ಡ ಬೀಗ. ‘ರಾತ್ರಿಯಿಡೀ ಕೋಲ, ಫ್ಯಾಮಿಲಿ ಜತೆ’ ಎಂಬ ಸ್ಟೇಟಸ್.

ಬೀಗ ಎಂದೆನಲ್ಲ, ನನಗೆ ತಲೆಬಿಸಿ ಮಾಡುವ ವಿಷಯ ಅದೇ. ಗೀಟು ಕಂಡು ಹೆದರಿದವರು ಮೊದಲು ಕೇಳುವುದು “ಇನ್ನೂ ದೊಡ್ಡ ಬೀಗ ಉಂಟಾ?” ಎಂದು. ಬೀಗ ಮುರಿದು ಕಳವು ಎಂದು ಸುದ್ದಿ ಬರುತ್ತದೆ. ಆಮೇಲೆ ನಾನು ರಿಪೇರಿಗೆ ಹೋದಲ್ಲೆಲ್ಲ ಹೆಚ್ಚಾಗಿ ಬೀಗ ಗಟ್ಟಿಮುಟ್ಟಾಗಿ ನೆಲದಲ್ಲಿ ಬಿದ್ದಿರುತ್ತದೆ, ಕೊಂಡಿಯ ಸಮೇತ. ಕೊಂಡಿಯನ್ನು ಹಿಡಿದಿದ್ದದ್ದು ಬರೀ ಮುಕ್ಕಾಲು ಇಂಚಿನ ನಾಲ್ಕು ಸ್ಕ್ರೂ. ನಮ್ಮ ಮಳೆಗೆ ಹಿಂಬಾಗಿಲ ಮರ ಮೆತ್ತಗಾಗಿರುತ್ತದೆ, ಉಪ್ಪು ಗಾಳಿಗೆ ಸ್ಕ್ರೂ ತುಕ್ಕು. ಸಣ್ಣ ಹಾರೆಯಲ್ಲಿ ಒಮ್ಮೆ ಮೀಟಿದರೆ ಸಾಕು, ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬರುತ್ತದೆ. ಮಳೆ ಸುರಿಯುವಾಗ ಶಬ್ದವೂ ಕೇಳುವುದಿಲ್ಲ.

ಇನ್ನೊಮ್ಮೆ ಹೇಳುತ್ತೇನೆ, ಬೀಗದ ಅಂಗಡಿಗೆ ಹೋಗುವ ಮೊದಲು ಕೊಂಡಿ ನೋಡಿ. ಸ್ಕ್ರೂ ತೆಗೆದು, ಬಾಗಿಲಿನ ಆಚೆಗೆ ಹಾದುಹೋಗುವ ಬೋಲ್ಟ್ ಹಾಕಿಸಿ. ಹೊರಗೆ ನುಣುಪಾದ ತಲೆ, ಒಳಗೆ ವಾಷರ್, ನಟ್. ದಾರಂದದ ಕಡೆಯ ಬಳೆಗೂ ಹಾಗೆಯೇ. ಮೊದಲು ಬಚ್ಚಲಿನ ಕಡೆಯ ಬಾಗಿಲಿಗೆ, ಆಮೇಲೆ ಎದುರಿನದ್ದಕ್ಕೆ. ಕ್ಯಾಮೆರಾಕ್ಕೆ ಕೇಳುವ ದುಡ್ಡಿನಲ್ಲಿ ಇದು ಚಿಲ್ಲರೆ. ನನಗೆ ಲಾಭವೂ ಕಡಿಮೆ, ಆದರೂ ಹೇಳುತ್ತಿದ್ದೇನೆ. ಹಂಚಿನ ಮನೆಯವರಿಗೆ ಬೇರೆ ಮಾತು ಬೇಕು. ಹಂಚು ಸರಿಸಿ ಇಳಿಯುವವನಿಗೆ ಬೀಗವೇ ಅಡ್ಡ ಬರುವುದಿಲ್ಲ, ಒಳಗೆ ತಗಡಿನ ಬದಲು ಕಬ್ಬಿಣದ ಜಾಲರಿ ಹಾಕಿಸಿ.

2024ರ ಜುಲೈಯಲ್ಲಿ ಮಂಗಳೂರಿನ ಕೋಟೆಕಣಿಯ ಮನೆಗೆ ಚಡ್ಡಿ ಗ್ಯಾಂಗ್ ನುಗ್ಗಿದಾಗ ಕ್ಯಾಮೆರಾಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. ಗ್ಯಾಂಗ್ ಕೆಲವೇ ಗಂಟೆಗಳಲ್ಲಿ ಸಕಲೇಶಪುರದಲ್ಲಿ ಸಿಕ್ಕಿಬಿತ್ತು. ಆಗ ಹಾಕಿಸಿದ ಕ್ಯಾಮೆರಾಗಳನ್ನು ಈಗ ನೋಡಬೇಕು ನೀವು! ಲೆನ್ಸ್ ಮುಂದೆ ಜೇಡ ಬಲೆ ಕಟ್ಟಿದೆ. ರಾತ್ರಿ ಕ್ಯಾಮೆರಾದ ಬೆಳಕು ಬಲೆಗೆ ಬಡಿದು ಪರದೆ ಪೂರ್ತಿ ಬಿಳಿ. ವಾರಕ್ಕೊಮ್ಮೆ ಹಿಡಿಸೂಡಿಯ ತುದಿ ಆಡಿಸಿ ಎಂದರೆ ಯಾರಿಗೂ ಪುರುಸೊತ್ತಿಲ್ಲ.

ಇನ್ನು ಕೀಲಿಕೈ. ಹೂಕುಂಡದ ಅಡಿ, ಮೀಟರ್ ಬಾಕ್ಸಿನ ಮೇಲೆ, ಚಪ್ಪಲಿ ಸ್ಟ್ಯಾಂಡಿನಲ್ಲಿ ಇಟ್ಟು ಮದುವೆಗೆ ಹೋಗುವವರಿಗೆ ಒಂದು ವಿಷಯ ಗೊತ್ತಿರುವುದಿಲ್ಲ. ಕಳವಿನ ವಿಮೆಗೆ ಸಾಮಾನ್ಯವಾಗಿ ಬಲವಂತವಾಗಿ ಒಳನುಗ್ಗಿದ ಗುರುತು ಬೇಕು. ಕಂಪೆನಿಯಿಂದ ಕಂಪೆನಿಗೆ ಷರತ್ತು ಬೇರೆ, ನಿಮ್ಮ ಪಾಲಿಸಿ ಓದಿಕೊಳ್ಳಿ. ನೀವೇ ಇಟ್ಟ ಕೀಯಿಂದ ಬಾಗಿಲು ತೆಗೆದು, ಮತ್ತೆ ಬೀಗ ಹಾಕಿ ಹೋದರೆ, ಪರಿಶೀಲನೆಗೆ ಬಂದವರಿಗೆ ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ಕೀ ಪಕ್ಕದ ಮನೆಯವರ ಕೈಯಲ್ಲಿ ಕೊಟ್ಟು ಹೋಗಿ.